ಮೈಲುತುತ್ತ ಹಾಕದ ಅಂಟು

ಹನ್ನೆರಡನೇ ತಾರೀಖು, ಮಂಗಳವಾರ

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸೋಣವೆಂದರೆ ಅದು ಪೂರ್ತಿ ನಿಜವಲ್ಲ. ನಿನ್ನ ಅತ್ತಿಗೆ ಕ್ಷೇಮ. ನಾನು ಸಿಟ್ಟಿನಲ್ಲಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ಕೈಗೆ ಅಂಟು ಮೆತ್ತಿರುತ್ತದೆ, ಇಲ್ಲವೇ ಕಾಗದದ ಮೇಲೆ ನಿನ್ನ ನಾಯಿ ಮಲಗಿರುತ್ತದೆ.

ಹೌದು, ದೊರೆಯ ವಿಷಯಕ್ಕೇ ಬಂದೆ. ಹೆಸರು ನೀನಿಟ್ಟದ್ದು, ಈಗಿನ ಅವನ ಅವತಾರ ನೋಡಿದರೆ ಹಾಗೆ ಕರೆಯಲು ನನಗೇ ನಾಚಿಕೆ. ಪಕ್ಕೆಲುಬು ಎಣಿಸಬಹುದು. ಕಿವಿಯ ಹಿಂದೆ ಕೂದಲು ಉದುರಿ ಹುಣ್ಣಾಗಿದೆ. ನೀನು ಮನೆ ಬಿಟ್ಟು ಆ ಊರಿಗೆ ಹೋದ ಮೇಲೆ ಇಷ್ಟು ತಿಂಗಳೂ ಇದೇ ಕಥೆ. ನಿನ್ನ ಗಂಡ ಬೆಳಗ್ಗೆ ಅವನನ್ನು ಅಂಗಳಕ್ಕೆ ಬಿಟ್ಟು, ಬೀಗ ಹಾಕಿಕೊಂಡು ಕೆಲಸಕ್ಕೆ ಹೋದರೆ ಮುಗಿಯಿತು. ಇವನು ನಮ್ಮ ಎರಡು ಮನೆಗಳ ನಡುವಿನ ಗೋಡೆಯ ತುದಿಗೆ ಹೋಗಿ, ನೀರಿನ ಪೈಪಿನ ಸಂದಿಯಲ್ಲಿ ನುಸುಳಿ, ನೇರವಾಗಿ ನನ್ನ ಬೈಂಡಿಂಗ್ ಕೋಣೆಗೆ ಬರುತ್ತಾನೆ.

ಬಂದು ಸುಮ್ಮನಿದ್ದರೆ ನಾನ್ಯಾಕೆ ಗೋಳಾಡಲಿ? ಹಸಿದ ನಾಯಿಗೆ ಮೈದಾ ಅಂಟೆಂದರೆ ಗಂಜಿ. ಒಣಗಲೆಂದು ನೆಲದ ಮೇಲೆ ಸಾಲಾಗಿಟ್ಟ ಪುಸ್ತಕಗಳ ಬೆನ್ನನ್ನೆಲ್ಲ ನೆಕ್ಕುತ್ತಾನೆ. ಒಂದು ದಪ್ಪ ನಿಘಂಟಿನ ರಟ್ಟನ್ನು ಜಗಿದು ತಿಂದು, ಮೇಲಿನ ಬಟ್ಟೆಯನ್ನು ಮಾತ್ರ ಮರ್ಯಾದಸ್ಥನಂತೆ ಉಗುಳಿದ. ಗದರಿಸಿದೆ, ನೀರೆರಚಿದೆ, ಸಂದಿಗೆ ಕಲ್ಲಿಟ್ಟೆ. ಕಲ್ಲನ್ನೂ ಉರುಳಿಸಿಕೊಂಡು ಬಂದ.

ಅಂಟಿಗೆ ಮೈಲುತುತ್ತ ಹಾಕುವುದು ನಿನಗೆ ಗೊತ್ತು. ಚಿಕ್ಕವಳಿದ್ದಾಗ ಆ ನೀಲಿ ಹರಳನ್ನು ಕಲ್ಲುಸಕ್ಕರೆ ಎಂದುಕೊಂಡು ಬಾಯಿಗಿಡಲು ಹೋಗಿ ಅಪ್ಪನ ಕೈಯಲ್ಲಿ ಏಟು ತಿಂದವಳು ನೀನು. ಆ ವಿಷ ಇಲ್ಲದಿದ್ದರೆ ಪುಸ್ತಕಕ್ಕೆ ಹುಳು ಬೀಳುತ್ತದೆ. ಇದ್ದರೆ ನೆಕ್ಕಿದ ನಾಯಿ ಸಾಯುತ್ತದೆ. ಮೊದಲ ಸಲ ನೆಕ್ಕಿದವನು ಸಂಜೆಯವರೆಗೆ ವಾಂತಿ ಮಾಡಿಕೊಂಡು ಬಾಗಿಲಲ್ಲಿ ಬಿದ್ದಿದ್ದ. ಅಂದೇ ಮೈಲುತುತ್ತದ ಡಬ್ಬವನ್ನು ಅಟ್ಟಕ್ಕೆ ಸೇರಿಸಿದೆ. ಬರೀ ಮೈದಾ ಕುದಿಸಿ ಕೆಲಸ ನಡೆಸಿದೆ. ಅಪ್ಪ ಇದ್ದಿದ್ದರೆ ನನ್ನನ್ನು ಕೋಣೆಯಿಂದ ಆಚೆಗೆ ಅಟ್ಟುತ್ತಿದ್ದರು.

ಹೋದ ವಾರ ಗ್ರಂಥಾಲಯದಮ್ಮ ಒಂದು ಮೂಟೆ ಪುಸ್ತಕ ಹೊರಿಸಿಕೊಂಡು ಬಂದರು. ಒಂದನ್ನು ಮೇಜಿನ ಮೇಲೆ ತಟ್ಟಿದರು. ಬೆನ್ನಿನೊಳಗಿಂದ ಹುಳು ಉದುರಿದವು.

"ನಿಮ್ಮ ಕೆಲಸ ಅಂತ ಬಿಚ್ಚಿ ನೋಡದೇ ಕಪಾಟಿಗೆ ಸೇರಿಸ್ದೆ. ಪಕ್ಕದ ಪುಸ್ತಕಕ್ಕೂ ಹತ್ತಿದೆ. ಏನಾಯ್ತು ನಿಮಗೆ?" ಎಂದರು.

ಆದದ್ದೆಲ್ಲ ಮೇಜಿನ ಕೆಳಗೇ ಬಾಲ ಅಲ್ಲಾಡಿಸುತ್ತಾ ಕೂತಿತ್ತು. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿಕೊಡುತ್ತೇನೆ ಎಂದೆ. ಮುಂದಿನ ಕೆಲಸ ಬೇರೆಯವರಿಗೆ ಕೊಡುತ್ತೇವೆಂದು ಮೆಲ್ಲಗೆ ಹೇಳಿ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಅದೇ ಸಿಟ್ಟಿನಲ್ಲಿ ಸಂಜೆ ನಿನ್ನ ಗಂಡನ ಬಾಗಿಲು ಬಡಿದೆ. "ನಾಯಿ ನಂದಲ್ಲ ಭಾವ. ಬಿಟ್ಟು ಹೋದವಳನ್ನ ಕೇಳಿ" ಎಂದ.

"ಒಂದು ಹಿಡಿ ಅನ್ನ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತಯ್ಯಾ?"

"ಹಾಕಿದ್ರೆ ತಿನ್ನಲ್ಲ ಭಾವ. ನನ್ನ ಮುಖ ನೋಡುತ್ತೆ, ಆಮೇಲೆ ಬಾಗಿಲ ಕಡೆ ನೋಡುತ್ತೆ. ನನಗೂ ಹಾಕಿ ಹಾಕಿ ಸಾಕಾಯ್ತು."

ಅವನ ಹಿಂದೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ತಟ್ಟೆ, ಒಂದೇ ಲೋಟ ಬೋರಲಾಗಿದ್ದವು. ಬೈಯಲು ಹೋದವನು ಬೈಗುಳ ಮರೆತು ಬಂದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಕೂಸಿನ ಜೊತೆಗೆ ಪಕ್ಕದ ಮನೆಯವನೂ ಬಡವಾದ.

ನಿನ್ನ ಅತ್ತಿಗೆ ಎಲ್ಲ ಕೇಳಿಸಿಕೊಂಡು, "ಅಲ್ಲಾರೀ, ಅಂಟು ಕೆಡಿಸೋ ಬದಲು ನಾಯಿಗೆ ಊಟ ಹಾಕಿದ್ರೆ ಆಗ್ತಿರ್ಲಿಲ್ವಾ? ನಿಮಗೆ ಬುದ್ಧಿ ಇದೆ, ಉಪಯೋಗಿಸೋಕೆ ಪುರಸೊತ್ತಿಲ್ಲ ಅಷ್ಟೆ" ಎಂದಳು.

ಹೊಳೆಯದೆ ಅಲ್ಲ ತಂಗಿ, ಹೊಳೆದೂ ಬೇಕೆಂದೇ ಹಾಕಲಿಲ್ಲ. ನಾವು ಊಟ ಹಾಕಿದರೆ ನಾಯಿ ನಮ್ಮದಾಗಿಬಿಡುತ್ತದೆ. ಅದು ನಮ್ಮಲ್ಲಿ ಸುಖವಾಗಿದೆ ಎಂದು ಗೊತ್ತಾದರೆ ನೀನು ಈ ಕಡೆ ಯಾಕೆ ತಲೆ ಹಾಕುತ್ತೀ? ಅದರ ಚಿಂತೆಗಾದರೂ ಒಮ್ಮೆ ಬರಲಿ ಎಂದು ಹಠ ಹಿಡಿದು, ಒಂದು ಮೂಕಪ್ರಾಣಿಯ ಹೊಟ್ಟೆಯನ್ನೂ ನನ್ನ ಕಸುಬನ್ನೂ ಒಟ್ಟಿಗೇ ಹಾಳುಮಾಡಿಕೊಂಡೆ.

ಈಗ ದೊರೆ ನಮ್ಮ ಮನೆಯಲ್ಲೇ ಉಣ್ಣುತ್ತಾನೆ. ಅತ್ತಿಗೆ ಕಲಸಿಟ್ಟರೆ ತಟ್ಟೆ ತೊಳೆದಂತೆ ಮಾಡುತ್ತಾನೆ. ಪಶುವೈದ್ಯರು ಕೊಟ್ಟ ಮುಲಾಮನ್ನು ಹಚ್ಚುವಾಗ ಮಾತ್ರ ನನ್ನ ಕೈ ಕಚ್ಚಲು ನೋಡುತ್ತಾನೆ, ಉಪಕಾರ ಸ್ಮರಣೆ ಅಷ್ಟು! ಮೈಲುತುತ್ತ ಅಟ್ಟದಿಂದ ಇಳಿದಿದೆ. ಹಸಿ ಪುಸ್ತಕಗಳು ಎತ್ತರದ ಹಲಗೆಗೆ ಏರಿವೆ. ಗ್ರಂಥಾಲಯದ ಮೂಟೆ ಅರ್ಧ ಬಿಚ್ಚಿ ಆಗಿದೆ.

ಆದ್ದರಿಂದ ಅವನ ಚಿಂತೆಗೆಂದು ನೀನು ಬರಬೇಕಾಗಿಲ್ಲ. ಗಂಡನ ಹತ್ತಿರ ವಾಪಸು ಬಾ ಎಂದೂ ನಾನು ಹೇಳುವುದಿಲ್ಲ. ಅದು ನಿಮ್ಮಿಬ್ಬರಿಗೆ ಬಿಟ್ಟದ್ದು. ಹೊತ್ತಿಗೆ ಸರಿಯಾಗಿ ಉಣ್ಣು. ಕೆಲಸದ ಜಾಗದಲ್ಲಿ ಯಾರಿಗೂ ತಲೆ ತಗ್ಗಿಸಬೇಡ. ನೀನು ಎಲ್ಲಿದ್ದರೂ ನಗುನಗುತ್ತಾ ಇರು.

ಇತಿ,
ನಿನ್ನ ಅಣ್ಣ

ಮರೆತಿದ್ದೆ: ನೀನು ಹೊರಟ ಬೆಳಗ್ಗೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ದೊರೆಯ ತಲೆ ಸವರಿ, "ಹೋಗಿ ಬರ್ತೀನಿ ಕಣೋ" ಎಂದೆಯಂತೆ. ಹಾಲು ಹಾಕುವವಳು ನೋಡಿದಳಂತೆ. ಆ ಹೊತ್ತಿಗೆ ನಾನು ಗೋಡೆಯ ಈಚೆ ಅಂಟು ಕುದಿಸುತ್ತಾ ಕೂತಿದ್ದೆ. ನಾಯಿಗೆ ಹೇಳಿದ್ದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದರೆ ನನಗೂ ಕೇಳಿಸುತ್ತಿತ್ತಲ್ಲ, ತಂಗಿ.