ಪಾದ್ರಿಗಳು ಬರೆಸಿದ ಪ್ರಾರ್ಥನೆ

ಮಿಲ್ ಕ್ರೀಕ್, ಗುರುವಾರ

ಮಾನ್ಯ ಲಕ್ಷ್ಮೀಕಾಂತ ಅವರಿಗೆ, ನಮಸ್ಕಾರ.

ನಿಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಪಾದ್ರಿ ಷ್ಟೆಫಾನ್ ಹೇಗಿದ್ದಾರೆ ಎಂದು ಕೇಳಿದ್ದಿರಿ. ಮನೆಯನ್ನು ಚೊಕ್ಕಟವಾಗಿಟ್ಟಿದ್ದಾರೆ. ಆದರೆ ನಾನು ಇಟ್ಟುಬಂದ ಸಾರು ಬಾಗಿಲಲ್ಲೇ ಹಳಸುತ್ತಿದೆ.

ಹಂಗೇರಿಯ ಗಡಿಯಿಂದ ಈ ಊರಿಗೆ ಬಂದ, ಸ್ಲೊವೀನ್ ಭಾಷೆಯ ಕೆಲವೇ ಕುಟುಂಬಗಳಿಗಾಗಿ ಲೂಥರನ್ ಪಂಗಡದ ಈ ಪಾದ್ರಿ ಜೀವನವಿಡೀ ಬರೆದರು, ಪ್ರಾರ್ಥನೆಗಳನ್ನು ಅವರ ಭಾಷೆಗೆ ಅನುವಾದಿಸಿದರು. ಅವರನ್ನೆಲ್ಲ ಒಬ್ಬೊಬ್ಬರಾಗಿ ಮಣ್ಣು ಮಾಡಿದವರೂ ಇವರೇ. ಈಗ ಇಲ್ಲಿ ಆ ಭಾಷೆ ಬಲ್ಲವರು ಇವರೊಬ್ಬರೇ ಉಳಿದಿದ್ದಾರೆ.

ಕಳೆದ ತಿಂಗಳು ಶವಸಂಸ್ಕಾರದ ಪ್ರಾರ್ಥನೆಯ ಅನುವಾದ ಮುಗಿಸಿ, ನನ್ನಿಂದ ಅದನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡರು. "ನಿಮ್ಮ ಲಿಪಿಯಲ್ಲಿ ನಮ್ಮ ಉಚ್ಚಾರ ಚೆನ್ನಾಗಿ ಕೂರುತ್ತೆ" ಎಂದು ನಕ್ಕರು. ದಿನವೂ ಓದಿಸಿದರು. ನಾನೂ ಖುಷಿಯಿಂದಲೇ ಕಲಿತೆ.

ಮೊನ್ನೆ ಸೋಮವಾರ, ಸತ್ತವರ ಹೆಸರು ಬರುವ ಕಡೆ ನಿಂತು, "ಇಲ್ಲಿ ಯಾರ ಹೆಸರು ಹೇಳ್ಲಿ?" ಎಂದೆ.

"ನನ್ನದೇ" ಎಂದರು. "ಭಾನುವಾರ ಬಾ. ನಾನು ಬಾಗಿಲು ತೆಗೀದಿದ್ರೆ ಹೊರಗೇ ನಿಂತು ಓದು. ತಪ್ಪಾದ್ರೂ ನಿಲ್ಲಿಸ್ಬೇಡ."

ಆಸ್ಪತ್ರೆಗೆ ಹೋಗೋಣವೆಂದರೆ ಒಪ್ಪಲಿಲ್ಲ. ಹೆದರಿ ಪೊಲೀಸರನ್ನು ಕರೆಸಿದೆ. ಪಾದ್ರಿಗಳು ಕೋಟು ತೊಟ್ಟು ಬಾಗಿಲಿಗೆ ಬಂದು, ನಗುನಗುತ್ತಾ ಮಾತಾಡಿ ಅವರನ್ನು ಕಳಿಸಿಬಿಟ್ಟರು. ಪೊಲೀಸರು ಹೋದ ಮೇಲೆ ನನ್ನ ಕಿಟಕಿಯತ್ತ ಬಹಳ ಹೊತ್ತು ನೋಡಿದರು. ಆಮೇಲೆ ನಾನು ಎಷ್ಟು ತಟ್ಟಿದರೂ ಬಾಗಿಲು ತೆರೆಯುತ್ತಿಲ್ಲ. ಒಳಗೆ ಓಡಾಡುವ ಸದ್ದು ಮಾತ್ರ ಕೇಳುತ್ತದೆ, ಅದೂ ದಿನದಿನಕ್ಕೆ ಕಡಿಮೆಯಾಗುತ್ತಿದೆ.

ಈ ಪತ್ರ ತಂದಿರುವ ನನ್ನ ಗಂಡನ ಕೈಯಲ್ಲೇ ಆ ಮನೆಯ ಇನ್ನೊಂದು ಕೀಲಿ ಕೊಟ್ಟು ಕಳುಹಿಸಿ. ಸಾಧ್ಯವಾದರೆ ನೀವೂ ಬನ್ನಿ. ಭಾನುವಾರದವರೆಗೆ ಕಾಯಲು ನನ್ನಿಂದಾಗದು.

ಇಂತಿ,
ಮೇಲಿನ ಮನೆಯ ವಸಂತಲಕ್ಷ್ಮಿ