ಒಣಗಿದ ಹುಲ್ಲಿನ ಸುದ್ದಿ

ಮಂಗಳವಾರ, ಮಧ್ಯಾಹ್ನ

ಹುಲ್ಲಿನ ತೊಟ್ಟಿಯ ಯಜಮಾನರಿಗೆ,

ಫೋನ್ ಮಾಡಿದರೆ ಮಾತು ತೇಲಿಸುತ್ತೀರೆಂದು ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಅರ್ಧಕ್ಕೆ ಮಡಿಸಿಟ್ಟು ಮಳೆಮಾಪಕ ಒರೆಸಲು ಹೋಗಬೇಡಿ.

ನಾನಿಲ್ಲಿ ಯಂತ್ರಕ್ಕೆ ಪಾಠ ಹೇಳುವ ಕೆಲಸದಲ್ಲಿದ್ದೇನೆ, ನಿಮಗೆ ಗೊತ್ತು. ಬಿಸಿಲು, ಗಾಳಿ, ಹವೆಯ ತೇವ ಇಷ್ಟನ್ನು ಕೊಟ್ಟರೆ, ನೆಲದಿಂದಲೂ ಎಲೆಯಿಂದಲೂ ದಿನಕ್ಕೆಷ್ಟು ನೀರು ಆವಿಯಾಗಿ ಹೋಯಿತೆಂದು ಕಂಪ್ಯೂಟರು ತಾನೇ ಅಂದಾಜು ಮಾಡಬೇಕು. ಚಳಿಯ ಗುಡ್ಡ, ಮಳೆಯ ಕರಾವಳಿ, ನಿಮ್ಮಂಥ ಒಣ ಬಯಲು, ಎಲ್ಲ ಕಡೆಯ ಹವಾಮಾನ ಕೇಂದ್ರಗಳ ಅಂಕಿಗಳನ್ನೂ ಅರೆದು ಕುಡಿಸಿದ್ದೇವೆ. ಪ್ರತಿಸಲ ಒಂದು ಕೇಂದ್ರದ ಅಂಕಿಗಳನ್ನು ಬಚ್ಚಿಟ್ಟು, ಈಗ ಅಲ್ಲಿಯದನ್ನು ಹೇಳು ನೋಡೋಣ ಎಂದು ಪರೀಕ್ಷೆ ಮಾಡುತ್ತೇವೆ.

ಎಲ್ಲ ಕಡೆಯೂ ಪಾಸಾಯಿತು, ನಿಮ್ಮ ಕೇಂದ್ರದಲ್ಲಿ ಮಾತ್ರ ಡುಮ್ಕಿ. ಕಳೆದ ಬೇಸಿಗೆಯವರೆಗಿನ ಲೆಕ್ಕವನ್ನು ಸರಿಯಾಗಿಯೇ ಹೇಳಿತು, ಆಮೇಲಿನದೆಲ್ಲ ಎಡವಟ್ಟು. ಇಷ್ಟು ಬಿಸಿಲಿಗೆ ಇಷ್ಟು ನೀರು ಹೋಗಿರಬೇಕು ಎಂದು ಅದು. ಅದರ ಅರ್ಧವೂ ಹೋಗಿಲ್ಲ ಎಂದು ತಕ್ಕಡಿಯ ಮೇಲೆ ಕೂತು, ತೂಕ ಇಳಿದಷ್ಟು ನೀರು ಹೋಯಿತೆಂದು ಲೆಕ್ಕ ಕೊಡುವ ನಿಮ್ಮ ಹುಲ್ಲಿನ ತೊಟ್ಟಿ. ನಾನು ಯಂತ್ರಕ್ಕೇ ಬೈದೆ. ಪಕ್ಕದ ಮೇಜಿನವಳು, ತಕ್ಕಡಿ ಕೆಟ್ಟಿರ್ಬೇಕು, ಆ ಕೇಂದ್ರಾನೇ ಬಿಟ್ಬಿಡೋಣ ಮೇಡಂ ಅಂದಳು.

ಆಗ ಹೊಳೆಯಿತು. ಹುಲ್ಲು ಒಣಗಿದೆ. ಒಣಗಿದ ಹುಲ್ಲು ಎಲ್ಲಿಂದ ನೀರು ಬಿಟ್ಟೀತು? ತಾನು ಉಣ್ಣುವುದನ್ನು ಮರೆತರೂ ಅದಕ್ಕೆ ನೀರು ಹಾಕುವುದನ್ನು ಮರೆಯದ ಮನುಷ್ಯ ನೀವು. ಮದುವೆಯ ಮರುದಿನ ಬೆಳಗ್ಗೆಯೂ ಪೈಪು ಹಿಡಿದು ಹೊರಟವರು. ಆ ಹುಲ್ಲನ್ನು ಬಿಟ್ಟು ಬರಲಾರೆ ಎಂದು ಜಗಳವಾಡಿಯೇ ಅಲ್ಲವೇ, ನನ್ನೊಬ್ಬಳನ್ನೇ ಈ ಊರಿಗೆ ಕಳಿಸಿದ್ದು? ಅದನ್ನು ನನ್ನ ಸವತಿ ಎಂದು ಬೈದದ್ದೂ ಆಗಿದೆ.

ಯಾವಾಗಿನಿಂದ ಒಣಗಿತೆಂದು ಹಿಂದಕ್ಕೆ ಹೋಗಿ ನೋಡಿದೆ. ಉಳಿದ ಸಾಮಾನು ಒಯ್ಯಲು ಬಂದಿದ್ದೆನಲ್ಲ, ಅದರ ಮರುವಾರದಿಂದ. ಅಂದು ನೀವು, ತಗೊಂಡು ಹೋಗು, ನಂಗೇನು ಅಂತ ಹೇಳಿ ಪೆಟ್ಟಿಗೆಗಳಿಗೆ ನೀವೇ ಹಗ್ಗ ಬಿಗಿದು ಕೊಟ್ಟಿರಿ. ಇವರಿಗೆ ನಾನಿದ್ದರೂ ಒಂದೇ, ಹೋದರೂ ಒಂದೇ ಎಂದುಕೊಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ನಿನ್ನೆ ಪರದೆಯ ಮೇಲೆ ನಿಮ್ಮ ತೊಟ್ಟಿಯ ನೀರಿನ ಲೆಕ್ಕದ ಗೆರೆ ಆ ವಾರದಿಂದ ಇಳಿಯುತ್ತಾ ಹೋದದ್ದನ್ನು ಕಂಡು ಮತ್ತೆ ಅಳು ಬಂತು. ಬಾಯಿಬಿಟ್ಟು ಒಂದು ಮಾತು, ಹೋಗಬೇಡ ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಿಮ್ಮ ಕೇಂದ್ರವನ್ನು ಬಿಡುವಂತಿಲ್ಲ ಎಂದು ಮೇಲಧಿಕಾರಿಗೆ ಹೇಳಿದ್ದೇನೆ. ಒಣ ಹವೆಯ ಪಾಠವಿಲ್ಲದೆ ಯಂತ್ರದ ಕಲಿಕೆ ಅರೆಬರೆ. ತಕ್ಕಡಿ ಪರೀಕ್ಷಿಸಲು ಶನಿವಾರ ನಾನೇ ಬರುತ್ತೇನೆ. ಅಷ್ಟರೊಳಗೆ ಹೊಸ ಹುಲ್ಲು ತಂದು ಕಣ್ಣೊರೆಸುವ ಆಟ ಬೇಡ. ನೆಡುವಾಗ ಇಬ್ಬರೂ ಇರೋಣ.

ಇಂತಿ,
ಹುಲ್ಲಿನ ಸವತಿ

ಮರೆತ ಮಾತು: ತಕ್ಕಡಿ ಸರಿಯಾಗಿಯೇ ಇದೆ, ಇಲ್ಲಿಂದಲೇ ನೋಡಿಯಾಗಿದೆ. ನೀವು ಹಗ್ಗ ಬಿಗಿದ ಪೆಟ್ಟಿಗೆಗಳನ್ನು ನಾನು ಇವತ್ತಿನವರೆಗೂ ಬಿಚ್ಚಿಲ್ಲ. ಹಾಗೇ ತರುತ್ತಿದ್ದೇನೆ, ಬಸ್ ನಿಲ್ದಾಣಕ್ಕೆ ಕೈಗಾಡಿ ತನ್ನಿ.