ಕ್ಯಾಮೆರಾ ಬದಲಿಗೆ ಅಲ್ಯೂಮಿನಿಯಂ ತುಂಡು

ಮಾರ್ಚ್ ೧೪, ಗುರುವಾರ

ಕ್ಯಾಮೆರಾ ಹೋಗುವುದಿಲ್ಲ. ಬೆಳಗ್ಗೆ ನಮ್ಮ ಕಾಲೇಜಿನ ಪುಟ್ಟ ಉಪಗ್ರಹವನ್ನು ಕಂಪನ ಪರೀಕ್ಷೆಗೆ ಇಟ್ಟಾಗ ಲೆನ್ಸ್ ಹಿಡಿದಿದ್ದ ಪಟ್ಟಿ ಬಿರುಕು ಬಿಟ್ಟಿತು. ಕ್ಯಾಮೆರಾ, ಆ ಪಟ್ಟಿ ಎರಡನ್ನೂ ವಿನ್ಯಾಸ ಮಾಡಿದವಳು ನಾನೇ. ಸೋಮವಾರ ಉಪಗ್ರಹವನ್ನು ಉಡಾವಣೆಯವರಿಗೆ ಒಪ್ಪಿಸಬೇಕು. ಹೊಸ ಪಟ್ಟಿ ಮಾಡಿಸಲು ಸಮಯವಿಲ್ಲ.

ಪ್ರೊಫೆಸರ್ ಮೇಡಂ ಹೆಚ್ಚು ಮಾತಾಡಲಿಲ್ಲ. "ಕ್ಯಾಮೆರಾ ತೆಗೆದುಬಿಡಮ್ಮ. ರೇಡಿಯೋ ಒಂದು ಹೋದ್ರೂ ಸಾಕು. ಅಷ್ಟೇ ತೂಕದ ಅಲ್ಯೂಮಿನಿಯಂ ತುಂಡು ಹಾಕು, ಇಲ್ಲಾಂದ್ರೆ ಸಮತೋಲ ಕೆಡುತ್ತೆ," ಎಂದರು.

ತಿರುಪುಗಳನ್ನು ನಾನೇ ಬಿಚ್ಚಿದೆ. ಮಧ್ಯಾಹ್ನವೆಲ್ಲ ಕೂತು, ತುಂಡನ್ನು ಅರದಿಂದ ಉಜ್ಜುತ್ತ, ತೂಗುತ್ತ, ಕ್ಯಾಮೆರಾದ ತೂಕಕ್ಕೆ ತಂದೆ. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ರೇಡಿಯೋ ಮಾಡಿದ ಗುಂಡ ಪಕ್ಕದಲ್ಲೇ ಸುಳಿದಾಡುತ್ತಿದ್ದ.

"ಇದರ ಮೇಲೆ ನಿನ್ನ ಹೆಸರು ಕೆತ್ತೋಣ್ವಾ?"

"ಬೇಡ, ಕೆತ್ತಿದ್ರೆ ತೂಕ ಕಮ್ಮಿ ಆಗುತ್ತೆ."

ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಸಂಜೆ ಅಮ್ಮನ ಫೋನ್. "ಏನಾಯ್ತೇ ನಿನ್ನ ಕ್ಯಾಮೆರಾ?"

"ಉಪಗ್ರಹ ಹೋಗುತ್ತಮ್ಮ."

"ನಾನು ಕೇಳಿದ್ದು ಅದಲ್ಲ."

ಹೇಳಿದೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ.

ಈಗ ಕ್ಯಾಮೆರಾ ನನ್ನ ಮೇಜಿನ ಮೇಲಿದೆ. ಲೆನ್ಸನ್ನು ಕೈಯಲ್ಲೇ ಒತ್ತಿ ಹಿಡಿದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದೆ. ಒಳಗೇನೂ ಕೆಟ್ಟಿಲ್ಲ. ದೂರ ನೋಡಲೆಂದೇ ಮಾಡಿದ್ದು, ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ. ನನ್ನ ಮುಖ ಬರೀ ಮಸುಕು. ಕಿಟಕಿಯತ್ತ ತಿರುಗಿಸಿದೆ. ಊರಾಚೆಯ ದೀಪಗಳು ಒಂದೊಂದೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕಂಡವು. ಒಂದು ಮಹಡಿಯ ಮೇಲೆ ಯಾರೋ ಬಟ್ಟೆ ತೆಗೆಯುತ್ತಿದ್ದರು.

ಚೆನ್ನಾಗಿಯೇ ಮಾಡಿದ್ದೆ.